ಅಂಗಿಯೊಳಗೆ ಉಳಿದ ಕೈ

ಧಣಿಗಳು ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನ ಪಿಸ್ತೂಲಿನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ. ಲೈಸೆನ್ಸ್ ಕಾಗದ ನೋಡಿ, ಕನ್ನಡಕ ತೆಗೆದಿಟ್ಟು, "ಅದ್ ಅಂಗಿ ಮೇಲಿಂದ ಗೊತ್ತಾತ್ತಾ?" ಎಂದರು.

"ಉಬ್ಬು ಕಾಣತ್ತ್ ಧಣಿ."

"ಬಸ್. ಅಷ್ಟೇ ಬೇಕಾದ್ದ್. ಹೊಡುದೆಲ್ಲ ಬ್ಯಾಡ. ಕಂಡವ್ರಿಗ್ ಹೆದ್ರಿಕಿ ಆರೆ ಸಾಕ್."

ಅವರು ಮುಂಬೈಯಲ್ಲಿ ವರ್ಷಗಟ್ಟಲೆ ಹೋಟೆಲ್ ನಡೆಸಿ ಊರಿಗೆ ಮರಳಿದವರು. ಬೈಂದೂರಿನಲ್ಲಿ ಒಂದು ಲಾಡ್ಜ್, ಬ್ರಹ್ಮಾವರದಲ್ಲಿ ಒಂದು ಹೋಟೆಲ್. ಹಾಲಾಡಿ ಪೇಟೆಯಿಂದ ತುಸು ಆಚೆ ಮದುವೆ ಹಾಲ್ ಕಟ್ಟಿಸುತ್ತಿದ್ದರು. ಆ ಜಾಗದ ವಿಷಯದಲ್ಲೇ ಹಳೆಯ ಪಾಲುದಾರನೊಬ್ಬನ ಜೊತೆ ಮುರಿದುಕೊಂಡಿದ್ದರು. ಫೋನಿನಲ್ಲಿ ಬೆದರಿಕೆ ಬರತೊಡಗಿದ ಮೇಲೆ ಗನ್‌ಮ್ಯಾನ್ ಬೇಕೆನಿಸಿತು. ನಾನು ಸೈನ್ಯದಿಂದ ಹವಾಲ್ದಾರನಾಗಿ ನಿವೃತ್ತನಾಗಿ ಗುಲ್ವಾಡಿಯಲ್ಲಿದ್ದೆ. ಇಂಥ ಕೆಲಸ ಸಿಗಲಿ ಎಂದೇ ಮೂವತ್ತೆರಡು ಬೋರಿನ ಪಿಸ್ತೂಲಿಗೆ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಮಾಜಿ ಸೈನಿಕ ಎಂದರೆ ಆಯುಧದ ವಿದ್ಯೆ ರಕ್ತದಲ್ಲೇ ಇರುತ್ತದೆ ಎಂದು ಜನ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ನಿಜವೆಂದರೆ ಸೈನ್ಯದಲ್ಲಿ ನನ್ನ ಕೈಯಲ್ಲಿದ್ದದ್ದು ರೈಫಲ್. ಪಿಸ್ತೂಲು ಹಿಡಿದದ್ದು ಯಾವುದೋ ಒಂದು ಕೋರ್ಸಿನಲ್ಲಿ, ಹತ್ತು ದಿನ.

ಪಿಸ್ತೂಲು ಕೊಂಡ ಹೊಸದರಲ್ಲಿ, ಎರಡು ಗಂಟೆ ಬಸ್ಸಿನಲ್ಲಿ ಕೂತು ಹೋಗಬೇಕಾದ ಒಂದು ಖಾಸಗಿ ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ಎರಡು ಭಾನುವಾರ ಗುಂಡು ಹೊಡೆದೆ. ಮೂರನೆಯ ಭಾನುವಾರ ಧಣಿಗಳ ಜೊತೆ ಬೈಂದೂರಿಗೆ ಹೋಗಬೇಕಾಯಿತು. ನಾಲ್ಕನೆಯದಕ್ಕೆ ನೆಂಟರ ಮನೆಯಲ್ಲಿ ಉಪನಯನ. ಆಮೇಲೆ ನೆಪವೂ ಬೇಕಾಗಲಿಲ್ಲ. ಮೂರು ವರ್ಷ ಆ ಪಿಸ್ತೂಲು ಬೆಳಿಗ್ಗೆ ಸೊಂಟಕ್ಕೆ ಏರಿತು, ಸಂಜೆ ಬೀರುವಿಗೆ ಇಳಿಯಿತು. ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ಒರೆಸುತ್ತಿದ್ದೆ. ಅದನ್ನೇ ಅಭ್ಯಾಸ ಎಂದುಕೊಂಡಿದ್ದೆ.

ಕಾರಿನ ಡ್ರೈವರ್ ಕೂಡ ನಮ್ಮ ಗುಲ್ವಾಡಿಯವನೇ. ನನಗಿಂತ ಆರೇಳು ವರ್ಷ ಚಿಕ್ಕವನು. ಅವನ ಮನೆಯಿಂದ ನನ್ನ ಮನೆಗೆ ಗದ್ದೆಯ ಅಂಚಿನಲ್ಲಿ ನಡೆದರೆ ಹತ್ತು ನಿಮಿಷ. ದಿನವಿಡೀ ಕಾರಿನ ಮುಂದಿನ ಸೀಟುಗಳಲ್ಲಿ ನಾವಿಬ್ಬರು, ಹಿಂದೆ ಫೋನಿನಲ್ಲಿ ಮುಳುಗಿದ ಧಣಿಗಳು. ಅವನು ಆಗಾಗ ನನ್ನ ಸೊಂಟ ನೋಡಿ ನಗುತ್ತಿದ್ದ. "ಹವಾಲ್ದಾರ್ರೆ, ಒಳಗೆ ಪಿಸ್ತೂಲ್ ಇತ್ತಾ, ಅಲ್ಲ ಕಡುಬು ಕಟ್ಕಂಡ್ ಬಂದ್ರ್ಯಾ?"

ಆ ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ಮಳೆಗಾಲ ಮುಗಿದು ಬಿಸಿಲು ಬಿರುಸಾಗಿತ್ತು. ಹಾಲಾಡಿಯ ಕಟ್ಟಡದ ಗೇಟಿನ ಹೊರಗೆ ಕಾರು ನಿಲ್ಲಿಸಿದೆವು. ಧಣಿಗಳು ಇಳಿದು, ಗೇಟಿನ ಬಳಿ ಮೇಸ್ತ್ರಿಗಾಗಿ ಕಾಯುತ್ತ ನಿಂತರು. ನಾನು ಅವರ ಪಕ್ಕದಲ್ಲಿ. ನನ್ನ ಎಡಗೈಯಲ್ಲಿ ಕಟ್ಟಡದ ನಕಾಶೆಯ ಉದ್ದನೆಯ ಸುರುಳಿ. ಗನ್‌ಮ್ಯಾನ್ ಆದವನು ಕೈಯಲ್ಲಿ ಏನನ್ನೂ ಹಿಡಿಯಬಾರದು. ಧಣಿಗಳು ಕೊಟ್ಟಾಗ ಬೇಡ ಎನ್ನಲು ನನಗೆ ನಾಚಿಕೆಯಾಗಿತ್ತು. ಡ್ರೈವರ್ ಕಾರಿನ ಬಾಗಿಲು ತೆರೆದಿಟ್ಟು, ಒಂದು ಕಾಲು ಹೊರಗಿಟ್ಟು ಕೂತಿದ್ದ.

ಬೈಕೊಂದು ನಿಧಾನವಾಗಿ ಬಂದು ನಿಂತಿತು. ಇಬ್ಬರು. ಹಿಂದೆ ಕೂತವನು ಇಳಿದು, ಬೆನ್ನ ಹಿಂದಿನಿಂದ ಮಚ್ಚು ತೆಗೆದು ಧಣಿಗಳ ಕಡೆಗೆ ಓಡಿ ಬಂದ.

ನಾನು ನಕಾಶೆ ಬಿಸಾಡಿದೆ. ಬಲಗೈ ಸೊಂಟಕ್ಕೆ ಹೋಯಿತು. ಸಫಾರಿ ಅಂಗಿಯ ಅಂಚು ಎತ್ತಿದೆ, ಅದು ಹಿಡಿಕೆಗೆ ಸಿಕ್ಕಿಕೊಂಡು ಮತ್ತೆ ಬಿತ್ತು. ಇನ್ನೊಮ್ಮೆ ಎತ್ತಿದೆ. ಪಿಸ್ತೂಲು ಇಡುವ ಹೋಲ್‌ಸ್ಟರ್ ಚೀಲದ ಪಟ್ಟಿಯ ಗುಂಡಿಯನ್ನು ಹೆಬ್ಬೆರಳು ಹುಡುಕಿತು, ಸಿಗಲಿಲ್ಲ. ಮೂರು ವರ್ಷದಿಂದ ಅದನ್ನು ದಿನಾ ಬಿಚ್ಚಿದ್ದೆ. ಆದರೆ ಬೀರುವಿನ ಮುಂದೆ ನಿಂತು, ಕಣ್ಣಿಂದ ನೋಡುತ್ತ, ಎರಡೂ ಕೈಯಿಂದ. ಕೊನೆಗೆ ಪಿಸ್ತೂಲು ಹೊರಗೆ ಬಂತು. ಚೇಂಬರಿನಲ್ಲಿ ಗುಂಡಿರಲಿಲ್ಲ, ಕಾರಿನಲ್ಲಿ ಓಡಾಡುವಾಗ ಖಾಲಿ ಇಡುತ್ತಿದ್ದೆ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ಒಮ್ಮೆಲೇ ಬಿಡಬೇಕು. ಆಗ ಗುಂಡು ಮ್ಯಾಗಜೀನಿನಿಂದ ಮೇಲೆದ್ದು ಸರಿಯಾಗಿ ಒಳಗೆ ಕೂರುತ್ತದೆ. ನಾನು ಅರ್ಧ ಎಳೆದೆ, ಕೈಯನ್ನು ಬಿಡದೆ ಸ್ಲೈಡಿನ ಜೊತೆಗೇ ಮುಂದಕ್ಕೆ ಒಯ್ದೆ. ಗುಂಡು ಮೂತಿ ಮೇಲೆ ಮಾಡಿಕೊಂಡು ಅಡ್ಡ ಸಿಕ್ಕಿಬಿತ್ತು. ಟ್ರಿಗರ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ.

ಅಷ್ಟರಲ್ಲಿ ಡ್ರೈವರ್ ಕಾರಿನಿಂದ ಹಾರಿ ಧಣಿಗಳಿಗೂ ಮಚ್ಚಿಗೂ ನಡುವೆ ನಿಂತಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಬಲಗೈ ಮೇಲೆತ್ತಿದ. ಏಟು ಮಣಿಕಟ್ಟಿನ ಮೇಲೆ ಬಿತ್ತು. ಎರಡನೆಯದು ಭುಜಕ್ಕೆ. ಅವನು ಕೂಗಲಿಲ್ಲ, ಆ ಮನುಷ್ಯನ ಸೊಂಟವನ್ನು ಎಡಗೈಯಲ್ಲಿ ತಬ್ಬಿಕೊಂಡು ನೇತುಬಿದ್ದ. ನಾನು ಸ್ಲೈಡ್ ಎಳೆದು ಕೊಡವಿದೆ, ಸಿಕ್ಕಿದ್ದ ಗುಂಡು ಕೆಳಗೆ ಬಿತ್ತು, ಇನ್ನೊಂದು ಒಳಗೆ ಹೋಯಿತು. ಎರಡು ಸಲ ಹೊಡೆದೆ. ಒಂದು ಕಾಂಪೌಂಡಿನ ಕೆಂಪು ಕಲ್ಲಿಗೆ ತಾಗಿತು. ಇನ್ನೊಂದು ಎಲ್ಲಿಗೆ ಹೋಯಿತೆಂದು ಪೊಲೀಸರಿಗೂ ಸಿಗಲಿಲ್ಲ. ಸದ್ದಿಗೆ ಹೆದರಿ ಇಬ್ಬರೂ ಬೈಕ್ ಹತ್ತಿ ಓಡಿದರು.

ಡ್ರೈವರನ ಕೈಗೆ ನನ್ನ ಟವೆಲ್ ಬಿಗಿದು, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ನಾನೇ ಕಾರು ಓಡಿಸಿದೆ. ಧಣಿಗಳು ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಅವನು ಒಂದೇ ಮಾತು ಕೇಳಿದ: "ಧಣಿಗಳಿಗ್ ಎಂತ ಆಯ್ಲಿಲ್ಲ ಅಲ್ದಾ?"

ಜೀವ ಉಳಿಯಿತು. ಕೈ ಉಳಿಯಿತು ಎನ್ನುವ ಹಾಗಿಲ್ಲ. ವೈದ್ಯರು ಎರಡು ಸಲ ಆಪರೇಷನ್ ಮಾಡಿ ನರಗಳನ್ನು ಜೋಡಿಸಿದರು. ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತವು. ಇನ್ನು ಸ್ಟೇರಿಂಗ್ ಹಿಡಿದು ತಿರುಗಿಸಲು ಆಗದು ಎಂದು ಮೆಲ್ಲಗೆ ಹೇಳಿದರು.

ಊರಿನಲ್ಲಿ ಹಬ್ಬಿದ ಕಥೆಯೇ ಬೇರೆ. ಗನ್‌ಮ್ಯಾನ್ ಗುಂಡು ಹಾರಿಸಿ ಧಣಿಯನ್ನು ಉಳಿಸಿದ ಎಂದು ಸುದ್ದಿಯಾಯಿತು. ಧಣಿಗಳೇ ಬಂದವರಿಗೆಲ್ಲ ಹೇಳುತ್ತಿದ್ದರು: "ಇವ್ರ್ ಆಗ್ಲೇ ಪಿಸ್ತೂಲ್ ತೆಗ್ದಾಯಿತ್ತ್. ಅಷ್ಟ್ರಗೆ ಪಾಪ ಅವ ಅಡ್ಡ ಬಂದ. ಅವ ಅಡ್ಡ ಬರದೇ ಇದ್ದಿರೆ ಆ ಬೈಕಿನವ್ರ್ ಇಬ್ರೂ ಅಲ್ಲೇ ಬೀಳ್ತಿದ್ರ್." ಅವರು ಸುಳ್ಳು ಹೇಳಿದ್ದಲ್ಲ. ಮಚ್ಚು ಕಂಡ ಕೂಡಲೇ ಅವರು ಗೇಟಿನ ಕಂಬದ ಹಿಂದೆ ಮುಖ ಮುಚ್ಚಿಕೊಂಡು ಕುಕ್ಕರಿಸಿದ್ದರು. ನೋಡಿದ್ದಕ್ಕಿಂತ ಊಹಿಸಿದ್ದೇ ಹೆಚ್ಚು. ಪೊಲೀಸ್ ಹೇಳಿಕೆಯಲ್ಲಿ ನಾನು "ಕೂಡಲೇ ಪಿಸ್ತೂಲು ತೆಗೆದು ಗುಂಡು ಹಾರಿಸಿದೆ" ಎಂದು ಬರೆಸಿದೆ. ನನಗೆ ಹಾಗೇ ನೆನಪಿತ್ತು. ಒಂದು ಗುಂಡು ಸಿಕ್ಕಿಬಿದ್ದದ್ದನ್ನೂ ಹೇಳಿದೆ. ಆದರೆ ಯಂತ್ರದ ತಪ್ಪು ಎಂಬಂತೆ ಹೇಳಿದೆ.

ಆಸ್ಪತ್ರೆಯ ವರಾಂಡದಲ್ಲಿ ಡ್ರೈವರನ ಹೆಂಡತಿ ನನ್ನನ್ನು ನಿಲ್ಲಿಸಿದಳು. ಜೋರು ಮಾಡಲಿಲ್ಲ. "ಅಣ್ಣ, ಗನ್ ಹಿಡ್ಕಂಡವ್ರ್ ನೀವ್ ಇದ್ರಿ ಅಲ್ದಾ? ಇವ್ರಿಗ್ ಎಂತಕ್ ಬೇಕಿತ್ತ್ ಮಧ್ಯ ಹೋಪುದ್? ಎಲ್ರೂ ಅದನ್ನೇ ಕೇಂತ್ರ್. ಇವ್ರ್ ಕಣ್ ಮುಚ್ಕಂಡ್ ಮಲ್ಕಂತ್ರ್, ಮಾತೇ ಆಡುದಿಲ್ಲೆ."

ಆಗಲೇ ಹೇಳಬಹುದಿತ್ತು. "ನಿನ್ನ ಗಂಡನಿಗೆ ಬ್ಯಾಂಡೇಜ್ ಬದಲಿಸುವ ಹೊತ್ತಾಯಿತು" ಎಂದು ಹೇಳಿ ಸರಿದು ಹೋದೆ.

ಪಿಸ್ತೂಲನ್ನು ಪೊಲೀಸರು ಜಪ್ತಿ ಮಾಡಿ ಪರೀಕ್ಷೆಗೆ ಕಳಿಸಿದ್ದರು. ವಾರದೊಳಗೆ ಬೈಕಿನ ನಂಬರಿನಿಂದ ಇಬ್ಬರೂ ಸಿಕ್ಕಿಬಿದ್ದರು. ಕಳಿಸಿದವರು ಯಾರೆಂದು ಅವರು ಬಾಯಿಬಿಡಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಹಾರೈಕೆ: ಪಿಸ್ತೂಲಿನಲ್ಲಿ ದೋಷವಿದೆ ಎಂದು ವರದಿ ಬರಲಿ. ತಿಂಗಳುಗಳ ಮೇಲೆ ತನಿಖೆಯ ಇನ್ಸ್‌ಪೆಕ್ಟರ್ ಠಾಣೆಗೆ ಕರೆಸಿ ಓದಿ ಹೇಳಿದರು: ಆಯುಧ ಸುಸ್ಥಿತಿಯಲ್ಲಿದೆ, ಗುಂಡುಗಳಲ್ಲಿ ದೋಷವಿಲ್ಲ. ಕಾಗದ ಮಡಚಿ ನನ್ನ ಮುಖ ನೋಡಿದರು.

"ಕೊನೆ ಸಲ ಯಾವಾಗ ಪ್ರಾಕ್ಟೀಸ್ ಮಾಡಿದ್ದು?"

"ಮೂರು ವರ್ಷ ಆಯ್ತು ಸಾರ್."

ಅವರು ಅದನ್ನು ಬರೆದುಕೊಳ್ಳಲಿಲ್ಲ. ಕೇಸಿಗೆ ಅದು ಬೇಕಿರಲಿಲ್ಲ. ನನಗೆ ಅವರು ಬರೆದುಕೊಂಡಿದ್ದರೆ ಒಳ್ಳೆಯದಿತ್ತು.

ಆ ಸಂಜೆ ಕೆಲಸ ಬಿಡುವ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡು ಧಣಿಗಳ ಮನೆಗೆ ಹೋದೆ. ಪತ್ರ ಕೊಡುವ ಮೊದಲೇ ಅವರು, "ಇನ್ನ್ ಮುಂದೆ ಇಬ್ರ್ ಗನ್‌ಮ್ಯಾನ್ ಇಡ್ಕ್ ಅಂದೇಳಿ ಎಣ್ಸ್ತಾ ಇದ್ದೆ. ನಿಮ್ಗ್ ಗೊತ್ತಿಪ್ಪವ್ರ್ ಯಾರಾರೂ ಇದ್ರಾ? ಉಬ್ಬು ಕಂಡ್ರೆ ಸಾಕ್" ಎಂದರು. ನಾನು ಬಿಟ್ಟರೆ ನನ್ನಂಥದೇ ಇನ್ನೊಂದು ಉಬ್ಬು ಬರುತ್ತದೆ. ಹೊಸ ಡ್ರೈವರ್ ಬಾಗಿಲ ಬಳಿ ಕಾರು ಒರೆಸುತ್ತಿದ್ದ. ಅವನನ್ನು ನೋಡಿದೆ. ಪತ್ರವನ್ನು ಜೇಬಿನಲ್ಲೇ ಉಳಿಸಿಕೊಂಡು, "ನಂಗ್ ಪ್ರತಿ ಭಾನ್ವಾರ ರಜೆ ಬೇಕ್ ಧಣಿ. ಪ್ರಾಕ್ಟೀಸಿಗೆ ಹೋಯ್ಕ್" ಎಂದೆ.

"ಈಗ ಎಂತಕೆ? ಹಿಡ್ದಾಯ್ತಲ್ದಾ ಅವ್ರನ್ನ?"

"ಕೊಡುದಿಲ್ಲ ಅಂದ್ರೆ ನಾ ಇರುದಿಲ್ಲ." ಧಣಿಗಳ ಮುಂದೆ ಆ ದನಿಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು.

ರೇಂಜಿನಲ್ಲಿ ಕಲಿಸುತ್ತಿದ್ದವರು ಒಬ್ಬ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಪಿಸ್ತೂಲ್ ಶೂಟಿಂಗ್ ಸ್ಪರ್ಧೆಗಳಲ್ಲಿ ಪಳಗಿದವರು. ನಡೆದದ್ದನ್ನೆಲ್ಲ ಮೊದಲ ಸಲ ಪೂರ್ತಿಯಾಗಿ ಹೇಳಿದ್ದು ಅವರಿಗೆ. ಸಮಾಧಾನ ಹೇಳಲಿಲ್ಲ ಅವರು. ಕ್ಲಬ್ಬಿನ ಪಿಸ್ತೂಲಿಗೆ ಡಮ್ಮಿ ಗುಂಡು ತುಂಬಿ ನನ್ನ ಕೈಗೆ ಕೊಟ್ಟು, "ಅವತ್ತು ಮಾಡಿದ ಹಾಗೇ ಮಾಡಿ" ಎಂದರು. ಮಾಡಿದೆ. ಹತ್ತರಲ್ಲಿ ನಾಲ್ಕು ಸಲ ಗುಂಡು ಅಡ್ಡ ಸಿಕ್ಕಿಬಿತ್ತು.

"ಪಿಸ್ತೂಲು ಸರಿ ಇದೆ. ನಿಮ್ಮ ಕೈಗೆ ಹೆದರಿಕೆ," ಎಂದರು. "ಸ್ಲೈಡ್ ಬಿಡಲು ಹೆದರುತ್ತಿದ್ದೀರಿ. ರೈಫಲ್ ಹೊಡೆದವರು ಅಂತ ಹೇಳಬೇಡಿ. ಆ ಕೈ ಬೇರೆ, ಈ ಕೈ ಬೇರೆ. ಕೈಗೆ ಮರೆವು ಜಾಸ್ತಿ, ಸಾರ್. ತಲೆ ನೆನಪಿಟ್ಟುಕೊಂಡದ್ದನ್ನು ಅದು ಕೇಳುವುದಿಲ್ಲ."

ಮೊದಲ ಎರಡು ತಿಂಗಳು ವೇಗದ ಮಾತೇ ಇಲ್ಲ. ಎಡಗೈ ಅಂಗಿಯನ್ನು ಎದೆಯವರೆಗೆ ಎತ್ತಬೇಕು. ಬಲಗೈ ಹಿಡಿಕೆಯನ್ನು ಪೂರ್ತಿ ಹಿಡಿದ ಮೇಲೆಯೇ ಹೆಬ್ಬೆರಳು ಪಟ್ಟಿ ಬಿಚ್ಚಬೇಕು. ಪಿಸ್ತೂಲು ಮೇಲೆ, ಎದೆಯ ಮುಂದೆ. ಅಲ್ಲಿ ಎಡಗೈ ಸ್ಲೈಡ್ ಹಿಡಿದು ಹಿಂದಕ್ಕೆ ಎಳೆದು, ಬಿಸಿ ಪಾತ್ರೆ ಮುಟ್ಟಿದ ಹಾಗೆ ಬಿಟ್ಟುಬಿಡಬೇಕು. ಪಿಸ್ತೂಲಿನ ತುದಿಯಲ್ಲಿರುವ ಗುರಿಯ ಮುಳ್ಳು ಕಣ್ಣಿಗೆ ಕಾಣುವವರೆಗೆ ಬೆರಳು ಟ್ರಿಗರಿನ ಹೊರಗೆ. ಗುರಿಯ ಹಿಂದೆ ಮುಂದೆ ಯಾರಿದ್ದಾರೆ ಎಂದು ನೋಡದೆ ಒತ್ತಬಾರದು. ಹಾಲಾಡಿಯಲ್ಲಿ ನಾನು ಹೊಡೆದಾಗ ಡ್ರೈವರ್ ಆ ಮನುಷ್ಯನ ಸೊಂಟಕ್ಕೆ ನೇತುಬಿದ್ದಿದ್ದ. ಎರಡು ಗುಂಡೂ ಅವನಿಗೆ ತಾಗದೆ ಹೋದದ್ದು ನನ್ನ ಗುರಿಯಿಂದಲ್ಲ, ಅವನ ಆಯುಷ್ಯದಿಂದ. ಅದನ್ನು ಅರಿತ ಭಾನುವಾರ ನಾನು ಬಸ್ಸಿನಲ್ಲಿ ಊರು ತಲುಪುವವರೆಗೆ ಕಿಟಕಿಯ ಹೊರಗೇ ಮುಖ ಮಾಡಿ ಕೂತಿದ್ದೆ.

ಅಂಗಿಯ ಅಂಚು ಮತ್ತೆ ಮತ್ತೆ ಕೈಗೆ ತೊಡರುತ್ತಿತ್ತು. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು, ಸಫಾರಿಯ ಅಂಚಿನ ಮಡಿಕೆಯೊಳಗೆ ಹೊಲಿಸಿದೆ. ಭಾರಕ್ಕೆ ಬಟ್ಟೆ ಬೀಸಿ ಎತ್ತಿದರೆ ದೂರ ಹೋಗುತ್ತದೆ, ಅಂಟಿಕೊಳ್ಳುವುದಿಲ್ಲ. ದರ್ಜಿ ಕೇಳಿದ, "ಇದೆಂತ ಮಾರಾಯ್ರೆ, ಹೊಳಿಗ್ ಹಾರೂಕಾ?"

ಪಿಸ್ತೂಲು ನ್ಯಾಯಾಲಯದ ಅನುಮತಿಯಿಂದ ನನ್ನ ಕೈಗೆ ಮರಳಿದ ಮೇಲೆ ಮನೆಯಲ್ಲೂ ದಿನಾ ಬೆಳಿಗ್ಗೆ ಅಭ್ಯಾಸ ಶುರುವಾಯಿತು. ನಿಜವಾದ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕುವುದು. ಚೇಂಬರನ್ನು ಕಣ್ಣಿಂದ ನೋಡುವುದು, ಬೆರಳಿಂದ ಮುಟ್ಟುವುದು, ಇನ್ನೊಮ್ಮೆ ನೋಡುವುದು. ಆಮೇಲೆ ಡಮ್ಮಿ ಗುಂಡು ಹಾಕಿ, ಹಿತ್ತಿಲಿನ ಎತ್ತರದ ಮಣ್ಣಿನ ದರೆಗೆ ಮುಖ ಮಾಡಿ ಐವತ್ತು ಸಲ ತೆಗೆಯುವುದು.

ಡ್ರೈವರನಿಗೆ ದಿನಾ ನಡೆಯಬೇಕೆಂದು ವೈದ್ಯರು ಹೇಳಿದ್ದರು. ಗದ್ದೆ ಅಂಚಿನಲ್ಲಿ ನಡೆದು ಬಂದವನು ಒಂದು ದಿನ ನಮ್ಮ ಹಿತ್ತಿಲಿನಲ್ಲಿ ನಿಂತು ನೋಡಿದ. ನಾನು ನಿಲ್ಲಿಸಿದೆ.

"ನಿಲ್ಸ್‌ಬ್ಯಾಡಿ. ಮಾಡಿ," ಎಂದ. ಬಾವಿಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನೋಡಿದ. "ಹವಾಲ್ದಾರ್ರೆ, ನೀವ್ ನಿಮ್ಗ್ ಬೇಕಾದಾಗ ತೆಗಿತ್ರಿ. ಬಪ್ಪವ ಹೇಳ್ಕಂಡ್ ಬತ್ನಾ?"

ಮಾರನೆಯ ದಿನ ಫೋನಿನ ಸ್ಟಾಪ್‌ವಾಚ್ ತೆರೆದು ಎಡಗೈಯಲ್ಲಿ ಹಿಡಿದು ಕೂತ. ಚಾ ಕುಡಿಯುತ್ತ, ಮಳೆ-ಬೆಳೆ ಮಾತಾಡುತ್ತ, ನಾನು ಯಾವುದೋ ಮಾತಿಗೆ ಉತ್ತರ ಕೊಡುತ್ತಿರುವಾಗ ನಡುವೆ ತಟ್ಟನೆ "ಹ್ವಾಯ್!" ಎಂದು ಕೂಗುತ್ತಿದ್ದ. ಅದೇ ಸೂಚನೆ. ಮೊದಲ ದಿನ ಐದು ಸೆಕೆಂಡ್. "ಸತ್ತ್ರಿ," ಎಂದ. ತಿಂಗಳ ಮೇಲೆ ಮೂರೂವರೆ. ಚಳಿಗಾಲದಲ್ಲಿ ಎರಡಕ್ಕೆ ಬಂತು. ಒಂದು ವಾರ ಜ್ವರ ಬಂದು ಮಲಗಿ ಎದ್ದರೆ ಮತ್ತೆ ಮೂರು. ಏಳೇ ದಿನ! ಮೂರು ವರ್ಷ ಸುಮ್ಮನಿದ್ದವನು ನಾನು.

ಎರಡು ಮಳೆಗಾಲ ಹೀಗೆ ಕಳೆಯಿತು. ಧಣಿಗಳು ಡ್ರೈವರನಿಗೆ ಬ್ರಹ್ಮಾವರದ ಹೋಟೆಲಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ದಿನಾ ಬಸ್ಸಿಗೆ ಹೊರಡುವ ಮೊದಲು ನಮ್ಮ ಹಿತ್ತಿಲಿಗೆ ಬರುತ್ತಿದ್ದ. ಹಾಲಾಡಿಯ ಆ ಬೆಳಗಿನ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಊರಿನವರ ಮಾತು ಅವನ ಕಿವಿಗೆ ಬೀಳುತ್ತಲೇ ಇತ್ತು: ಅಡ್ಡ ಹೋಗಿ ಕೈ ಕಳಕೊಂಡ. ಒಮ್ಮೆ ಮಾತ್ರ, ನನ್ನ ಕಡೆ ನೋಡದೆ, "ನಂದ್ ಮುಂಚಿಂದ್ಲೂ ಅವಸ್ರದ ಬುದ್ಧಿ" ಎಂದ. ನಾನು ಪಿಸ್ತೂಲು ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

ಕುಂದಾಪುರದ ನ್ಯಾಯಾಲಯದಲ್ಲಿ ನಮ್ಮಿಬ್ಬರ ಸಾಕ್ಷ್ಯಕ್ಕೆ ಒಂದೇ ದಿನ ಗೊತ್ತಾಯಿತು. ಅವತ್ತು ಬೆಳಿಗ್ಗೆ ಸರ್ಕಾರಿ ವಕೀಲರು ತಮ್ಮ ಕೋಣೆಗೆ ಕರೆದು, "ಒಂದು ವಿಡಿಯೋ ಇದೆ, ನೋಡಿಕೊಳ್ಳಿ. ಆ ಕಡೆಯ ವಕೀಲರು ಇದರ ಮೇಲೆ ಪ್ರಶ್ನೆ ಕೇಳಬಹುದು" ಎಂದರು. ಹಾಲ್‌ನ ಎದುರಿನ ಅಂಗಡಿಯ ಕ್ಯಾಮೆರಾದ್ದು. ಹಾಗೊಂದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ.

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಸದ್ದಿಲ್ಲದ ಚಿತ್ರ. ಬೈಕ್ ನಿಂತಿತು. ಮಚ್ಚು ಹೊರಬಂತು. ನನ್ನ ಕೈಯಿಂದ ಸುರುಳಿ ಬಿತ್ತು. ಆಮೇಲೆ ನಾನೊಬ್ಬ ಮನುಷ್ಯನನ್ನು ನೋಡಿದೆ: ಸೊಂಟದ ಬಳಿ ಇರುವೆ ಹೊಕ್ಕವನ ಹಾಗೆ ಅಂಗಿ ಕೆದಕುತ್ತಿದ್ದ. ಒಂದು, ಎರಡು, ಮೂರು. ನಾಲ್ಕನೆಯ ಸೆಕೆಂಡಿಗೆ ಡ್ರೈವರ್ ಚಿತ್ರದೊಳಗೆ ಬಂದ. ಐದಕ್ಕೆ ಮೊದಲ ಏಟು. ಅಂಗಿ ಕೆದಕುವವನು ಇನ್ನೂ ಕೆದಕುತ್ತಲೇ ಇದ್ದ. ನನ್ನ ಪಿಸ್ತೂಲು ಸಿಡಿದಾಗ ಹನ್ನೊಂದು ಸೆಕೆಂಡ್ ಕಳೆದಿತ್ತು.

"ಇನ್ನೊಂದ್ಸಲ ಹಾಕಿ," ಎಂದ ಡ್ರೈವರ್.

ಮೂರು ಸಲ ಹಾಕಿಸಿ ನೋಡಿದ. ಪ್ರತಿ ಸಲವೂ ಅವನ ತುಟಿ ಸಣ್ಣಗೆ ಅಲುಗುತ್ತಿತ್ತು, ಎಣಿಸುತ್ತಿದ್ದ. ನನ್ನ ಈಗಿನ ಲೆಕ್ಕ ಎರಡು ಸೆಕೆಂಡ್ ಎಂಬುದು ಅವನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ. ಅವನು ಕಾರಿನಿಂದ ಇಳಿಯುವ ಮೊದಲೇ ಮುಗಿದು ಹೋಗಬಹುದಾಗಿದ್ದ ಕೆಲಸ. ಡ್ರೈವರ್ ಎದ್ದು ಹೊರಗೆ ಹೋದ.

ಜವಾನ ನನ್ನ ಹೆಸರು ಕೂಗಿದ. ಪ್ರಮಾಣ ಮಾಡಿದೆ. ಸರ್ಕಾರಿ ವಕೀಲರ ಪ್ರಶ್ನೆಗಳು ಮುಗಿದವು. ಇಬ್ಬರು ಆರೋಪಿಗಳನ್ನೂ ಗುರುತಿಸಿದೆ. ಆಮೇಲೆ ಎದುರು ವಕೀಲರು ಎದ್ದು, "ಕೂಡಲೇ ಗುಂಡು ಹಾರಿಸಿದೆ ಅಂತ ಪೊಲೀಸರಿಗೆ ಹೇಳಿದ್ದೀರಿ. ಸರಿಯೇ?" ಎಂದರು.

"ಹೇಳಿದ್ದು ಹೌದು. ಅದು ಸರಿಯಲ್ಲ. ಹನ್ನೊಂದು ಸೆಕೆಂಡ್ ತಡವಾಯಿತು."

"ಯಾಕೆ ತಡವಾಯಿತು? ಪಿಸ್ತೂಲು ಕೆಟ್ಟಿತ್ತೆ?"

"ಇಲ್ಲ. ನನಗೆ ಅಭ್ಯಾಸ ಇರಲಿಲ್ಲ. ಮೂರು ವರ್ಷ ನಾನು ಒಂದು ಗುಂಡೂ ಹೊಡೆದಿರಲಿಲ್ಲ. ಡ್ರೈವರ್ ನಡುವೆ ಬಂದದ್ದು ನನ್ನಿಂದ ಏನೂ ಆಗದೆ ಇದ್ದಾಗ. ಅವರು ಬಾರದಿದ್ದರೆ ಧಣಿಗಳು ಉಳಿಯುತ್ತಿರಲಿಲ್ಲ."

ವಕೀಲರು ನಕ್ಕರು. ಅವರಿಗೆ ಬೇಕಾದ್ದು ಸಿಕ್ಕಿತ್ತು, ಹೇಳಿಕೆ ಬದಲಿಸುವ ಸಾಕ್ಷಿ. ನ್ಯಾಯಾಧೀಶರು ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿ, ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬೆರಳಚ್ಚಿನವರಿಗೆ ಹೇಳಿ ಬರೆಸಿದರು. ಸಹಿ ಹಾಕಿ ಇಳಿದೆ.

ಹೊರಗೆ ಮೆಟ್ಟಿಲ ಕೆಳಗೆ, ಬೈಕುಗಳ ಸಾಲಿನ ಪಕ್ಕ, ಡ್ರೈವರ್ ನನಗೆ ಬೆನ್ನು ಮಾಡಿ ನಿಂತಿದ್ದ. ಎಡಗೈಯಲ್ಲಿ ಫೋನ್. ಮಡಚಿದ ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದ. ಹೆಂಡತಿಯ ಹತ್ತಿರ ಮಾತಾಡುತ್ತಿದ್ದ.

"ಕೇಂಡ್ಯಾ... ವಿಡಿಯೋದಗೆ ಕಂಡೆ. ಮೂರ್ ಸಲ ಕಂಡೆ. ನಾ ಅಡ್ಡ ಹೋದದ್ದ್ ತಪ್ಪಲ್ಲ ಮಾರಾಯ್ತಿ. ಅವಸ್ರ ಮಾಡ್ಲಿಲ್ಲ ನಾನ್. ಒಂಚೂರೂ ಮಾಡ್ಲಿಲ್ಲ. ಅವ್ರ್ ಕೈ ಇನ್ನೂ ಅಂಗಿ ಒಳ್ಗೇ ಇತ್ತ್..." ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದ. "ಹೌದ್. ಎಲ್ರಿಗೂ ಹೇಳ್. ಅಮ್ಮನಿಗೂ ಹೇಳ್."

ನಾನು ಮೆಟ್ಟಿಲ ಮೇಲೇ ನಿಂತೆ. ಅವನ ಮಾತು ಮುಗಿಯುವವರೆಗೂ ಕೆಳಗೆ ಇಳಿಯಲಿಲ್ಲ.